ಒಂದು ಅಲ್ಪವಿರಾಮದ ಕಥೆ

ಮೂವರು ವಿದ್ಯಾರ್ಥಿಗಳು ನಾಲ್ಕು ವಿಷಯಗಳಲ್ಲಿ ಪಡೆದ ಅಂಕಗಳ ಕೋಷ್ಟಕವೊಂದಿದೆ ಎನ್ನೋಣ. ಇನ್ನಿಬ್ಬರು ತರಗತಿಗೆ ಸೇರಿದರೆ ಕೆಳಗೆ ಎರಡು ಸಾಲು ಬರೆಯಬೇಕು. ಹೊಸ ವಿಷಯ ಬಂದರೆ ಬಲಕ್ಕೆ ಒಂದು ಕಾಲಂ ಸೇರಿಸಬೇಕು. ಎರಡೂ ಜೋಡಣೆಯೇ, ದಿಕ್ಕು ಮಾತ್ರ ಬೇರೆ. ಕಣ್ಣಿಗೆ ಸುಲಭವಾಗಿ ಕಾಣುವ ಈ ವ್ಯತ್ಯಾಸವನ್ನು ಕಂಪ್ಯೂಟರಿಗೆ ತಿಳಿಸುವುದು ಹೇಗೆ? ಇದಕ್ಕೆ ದೊರೆತ ಅತಿ ಚಿಕ್ಕ ಉತ್ತರ ಒಂದು ಅಲ್ಪವಿರಾಮ.

ಅದರ ಹಿಂದಿದ್ದವರು 1920ರಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಜನಿಸಿದ ಕೆನೆತ್ ಐವರ್ಸನ್. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದಾಗ, ಲೆಕ್ಕಾಚಾರದ ಕ್ರಮಗಳನ್ನು ವಿವರಿಸಲು ರೂಢಿಯ ಗಣಿತ ಸಂಕೇತಗಳು ಸಾಲವೆನಿಸಿ ಅವರು ಹೊಸ ಸಂಕೇತಗಳನ್ನು ರೂಪಿಸಿದರು. 1960ರಲ್ಲಿ ಐಬಿಎಂ ಸೇರಿ, 1962ರಲ್ಲಿ ‘ಎ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ಗ್ರಂಥ ಪ್ರಕಟಿಸಿದರು. ಆ ಶೀರ್ಷಿಕೆಯ ಮೊದಲಕ್ಷರಗಳೇ ಎಪಿಎಲ್ ಭಾಷೆಯ ಹೆಸರಾದವು. ಏಡಿನ್ ಫಾಲ್ಕಾಫ್ ಮೊದಲಾದವರ ಸಹಕಾರದಿಂದ 1966ರಲ್ಲಿ ಅದು ಐಬಿಎಂನ 360 ಯಂತ್ರಗಳ ಮೇಲೆ ನಡೆಯತೊಡಗಿತು.

ಆರಂಭದಲ್ಲಿ ಒಂಟಿ ಸಾಲುಗಳನ್ನಷ್ಟೇ ಜೋಡಿಸುತ್ತಿದ್ದ ಅಲ್ಪವಿರಾಮ ಮುಂದೆ ಕೋಷ್ಟಕಗಳಿಗೂ ವಿಸ್ತರಿಸಿತು. ಎರಡು ಕೋಷ್ಟಕಗಳ ನಡುವೆ ಅದೊಂದನ್ನೇ ಬರೆದರೆ ಅವು ಅಕ್ಕಪಕ್ಕ ಸೇರುತ್ತವೆ. ಪಕ್ಕದ ಆವರಣದಲ್ಲಿ 1 ಎಂದು ಬರೆದರೆ ಒಂದರ ಕೆಳಗೊಂದು ಸೇರುತ್ತವೆ. ಮೂರು ಸಾಲಿನದಕ್ಕೆ ಎರಡು ಸಾಲಿನದು ಸೇರಿ ಐದು ಸಾಲಾಗುತ್ತದೆ. ಕಾಲಂಗಳು ನಾಲ್ಕೇ ಉಳಿಯುತ್ತವೆ. 0.5 ಎಂಬ ಭಿನ್ನರಾಶಿ ಬರೆದರಂತೂ ಇರುವ ದಿಕ್ಕು ಬೆಳೆಯುವುದಿಲ್ಲ. ಸಮಾನ ಗಾತ್ರದ ಎರಡು ಕೋಷ್ಟಕಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕೂತು, ಮೂರನೆಯ ದಿಕ್ಕೊಂದು ಹುಟ್ಟುತ್ತದೆ.

ಇಲ್ಲೊಂದು ಕಟ್ಟುನಿಟ್ಟಿನ ನಿಯಮವಿದೆ. ಜೋಡಿಸುವ ದಿಕ್ಕನ್ನು ಬಿಟ್ಟು ಉಳಿದ ಅಳತೆಗಳು ಹೊಂದಲೇಬೇಕು. ಮೂರು ಸಾಲಿನ ಪಕ್ಕಕ್ಕೆ ಎರಡು ಸಾಲಿನ ಕೋಷ್ಟಕ ತಂದರೆ ಯಂತ್ರ ಊಹೆಯಿಂದ ತುಂಬದೆ, ಅಳತೆ ತಪ್ಪೆಂದು ಹೇಳಿ ನಿಂತುಬಿಡುತ್ತದೆ. ಆದರೆ ಅದು ನೋಡುವುದು ಅಳತೆಯನ್ನು, ಅರ್ಥವನ್ನಲ್ಲ. ವಿದ್ಯಾರ್ಥಿಗಳ ಕ್ರಮ ಅದಲುಬದಲಾಗಿದ್ದರೆ ಒಬ್ಬನ ಅಂಕ ಇನ್ನೊಬ್ಬನ ಪಾಲಾದೀತು. ಆ ಎಚ್ಚರ ಮನುಷ್ಯನದೇ.

ಎಪಿಎಲ್‌ನ ವಿಶಿಷ್ಟ ಚಿಹ್ನೆಗಳಿಗೆ ಪ್ರತ್ಯೇಕ ಅಚ್ಚುಗುಂಡು, ಕೀಲಿಮಣೆಗಳು ಬೇಕಾಗಿದ್ದವು. ಹೊಸಬರನ್ನು ಹಿಮ್ಮೆಟ್ಟಿಸಿದ್ದೂ ಅವೇ ಚಿಹ್ನೆಗಳು. 1990ರಲ್ಲಿ ರೋಜರ್ ಹುಯಿ ಜತೆಗೂಡಿ ಐವರ್ಸನ್ ರೂಪಿಸಿದ ‘ಜೆ’ ಭಾಷೆ ಸಾಮಾನ್ಯ ಕೀಲಿಮಣೆಯ ಅಕ್ಷರಗಳಿಗೇ ತೃಪ್ತಿಪಟ್ಟಿತು. 2006ರಲ್ಲಿ ಬಂದ, ಪೈಥಾನ್ ಭಾಷೆಯ ‘ನಮ್‌ಪೈ’ಯಲ್ಲೂ ಜೋಡಣೆಗೆ ದಿಕ್ಕಿನ ಸಂಖ್ಯೆ ಹೇಳಬಹುದು, ಎಣಿಕೆ ಮಾತ್ರ ಸೊನ್ನೆಯಿಂದ. ಇರುವ ದಿಕ್ಕಿಗೊಂದು, ಹೊಸ ದಿಕ್ಕಿಗೊಂದು ಎಂದು ಅಲ್ಲಿ ಎರಡು ಬೇರೆ ಹೆಸರುಗಳಿವೆ.

ಸಂಕೇತವು ಆಲೋಚನೆಯ ಉಪಕರಣ ಎಂಬುದು 1979ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಐವರ್ಸನ್ ಮಂಡಿಸಿದ ವಾದ. 2004ರಲ್ಲಿ ಅವರು ತೀರಿಕೊಂಡರು. ಅವರ ಚಿಹ್ನೆಗಳನ್ನು ಬಲ್ಲವರು ಇಂದು ಕಡಿಮೆ. ಆದರೂ ಕೋಷ್ಟಕ ಜೋಡಿಸುವ ಮುನ್ನ ‘ಯಾವ ದಿಕ್ಕಿಗೆ?’ ಎಂದು ಕೇಳಿಕೊಳ್ಳುವವರೆಲ್ಲ ಆ ಅಲ್ಪವಿರಾಮದ ಪಾಠವನ್ನೇ ಓದುತ್ತಿದ್ದಾರೆ.