ತಂದೆ–ಮಗ ಸಂಬಂಧ (ಕ್ರೈಸ್ತ ದೈವಶಾಸ್ತ್ರ)

ದೇವಕುಮಾರನೆಂದು ನಂಬಲಾದ ಯೇಸು ಕ್ರಿಸ್ತನಿಗೂ ತಂದೆಯಾದ ದೇವರಿಗೂ ಇರುವ ಸಂಬಂಧ ಎಂಥದ್ದು ಎಂಬುದು ಕ್ರೈಸ್ತ ದೈವಶಾಸ್ತ್ರದ ಅತಿ ಹಳೆಯ ಚರ್ಚೆಗಳಲ್ಲೊಂದು. ತೊಡಕಿನ ಬೇರು ಬೈಬಲಿನಲ್ಲೇ ಇದೆ. ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ತನಗೂ ತಂದೆಗೂ ಭೇದವಿಲ್ಲವೆನ್ನುತ್ತಾನೆ. 14ನೆಯ ಅಧ್ಯಾಯದಲ್ಲಿ ತಂದೆಯೇ ಹಿರಿಯನೆನ್ನುತ್ತಾನೆ. ದೇವರೊಬ್ಬನೇ ಎಂಬ ಯೆಹೂದಿ ನಂಬಿಕೆಯನ್ನು ಬಿಡದೆ ಮಗನನ್ನೂ ಆರಾಧಿಸುತ್ತಿದ್ದವರು ಇವೆರಡನ್ನೂ ಹೊಂದಿಸಬೇಕಾಯಿತು. ತಂದೆ, ಮಗ ಎಂಬುವು ಒಬ್ಬನೇ ದೇವರು ತಾಳಿದ ರೂಪಗಳು ಎಂದ ಸಬೆಲಿಯಸ್‌ನ ವಾದವನ್ನು 3ನೆಯ ಶತಮಾನದಲ್ಲೇ ಧರ್ಮಸಭೆ ತಳ್ಳಿಹಾಕಿತು. ಮಗ ಅನಾದಿಯಾಗಿ ತಂದೆಯಿಂದ ಹುಟ್ಟುತ್ತಲೇ ಇದ್ದಾನೆ ಎಂದ ಒರಿಗೆನ್ ಕೂಡ ಅವನನ್ನು ತಂದೆಗಿಂತ ಒಂದು ಮೆಟ್ಟಿಲು ಕೆಳಗೇ ಇಟ್ಟಿದ್ದ.

ವಿವಾದ ಸ್ಫೋಟಿಸಿದ್ದು ಸುಮಾರು 318ರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಅಲ್ಲಿನ ಪಾದ್ರಿ ಅರಿಯಸ್, ಹುಟ್ಟಿದವನಿಗೆ ಆದಿ ಇರಲೇಬೇಕು, ಆದ್ದರಿಂದ ಮಗನೂ ಸೃಷ್ಟಿಯೇ, ಸೃಷ್ಟಿಯಲ್ಲಿ ಮೊದಲಿಗ ಎಂದ. ತರ್ಕ ಸರಳ, ಹಾಗಾಗಿಯೇ ಬೇಗ ಹಬ್ಬಿತು. ನಾವಿಕರೂ ಹಿಟ್ಟು ಬೀಸುವವರೂ ಹಾಡಿಕೊಳ್ಳಲೆಂದು ಅವನು ಪದ ಕಟ್ಟಿದ್ದನಂತೆ. ಬಿಷಪ್ ಅಲೆಕ್ಸಾಂಡರ್ ಅವನನ್ನು ಬಹಿಷ್ಕರಿಸಿದ.

ಸಾಮ್ರಾಜ್ಯದ ಒಗ್ಗಟ್ಟಿನ ಚಿಂತೆಯಲ್ಲಿದ್ದ ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ನೈಸಿಯಾದಲ್ಲಿ (ಈಗಿನ ಟರ್ಕಿಯ ಇಜ್ನಿಕ್) ಬಿಷಪ್ಪರ ಮಹಾಸಭೆ ಕರೆದ. ಮಗ ಸೃಷ್ಟಿಯಲ್ಲ, ತಂದೆಯೊಂದಿಗೆ 'ಹೋಮೋಊಸಿಯೋಸ್', ಅಂದರೆ ಒಂದೇ ಸತ್ತ್ವದವನು ಎಂದು ಸಭೆ ನಿರ್ಣಯಿಸಿತು. ಈ ಪದ ಬೈಬಲಿನಲ್ಲಿಲ್ಲ, ಸಬೆಲಿಯಸ್‌ನ ವಾಸನೆ ಬೇರೆ ಹೊಡೆಯುತ್ತಿತ್ತು. ಅನೇಕರು ಅರೆಮನಸ್ಸಿನಿಂದಲೇ ಸಹಿ ಹಾಕಿದರು. ಕೊನೆಯವರೆಗೂ ಒಪ್ಪದ ಲಿಬಿಯಾದ ಇಬ್ಬರು ಬಿಷಪ್ಪರು ಅರಿಯಸ್ ಜೊತೆ ಗಡೀಪಾರಾದರು.

ನೈಸಿಯಾದಲ್ಲಿ ಎಲ್ಲವೂ ಇತ್ಯರ್ಥವಾಯಿತೆಂದು ಭಾವಿಸುವುದುಂಟು. ನಿಜವಾದ ಜಗಳ ಶುರುವಾದದ್ದೇ ಆಮೇಲೆ. ಸಿಂಹಾಸನದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಸಿದ್ಧಾಂತವೂ ಬದಲಾಗುತ್ತಿತ್ತು. ಕಾನ್‌ಸ್ಟಂಟೈನನೇ 337ರಲ್ಲಿ ಅರಿಯಸ್ ಪಕ್ಷಪಾತಿ ಬಿಷಪ್ಪನಿಂದ ದೀಕ್ಷಾಸ್ನಾನ ಪಡೆದ. ಅವನ ಮಗ ಕಾನ್‌ಸ್ಟಾಂಟಿಯಸ್‌ನ ಕಾಲದಲ್ಲಿ, 357ರ ಸಿರ್ಮಿಯಂ ಸಭೆ 'ಸತ್ತ್ವ'ದ ಮಾತೇ ಬೇಡವೆಂದಿತು. ನೈಸಿಯಾದ ಪರವಾಗಿ ಪಟ್ಟುಹಿಡಿದ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಷಿಯಸ್ ಐದು ಸಲ ದೇಶಭ್ರಷ್ಟನಾದ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಚಿಲ್ಲರೆ ಕೇಳಿದರೆ, ರೊಟ್ಟಿಯ ಬೆಲೆ ವಿಚಾರಿಸಿದರೆ, ಸ್ನಾನದ ನೀರು ಕಾದಿದೆಯೇ ಎಂದರೆ ಉತ್ತರವಾಗಿ ತಂದೆ–ಮಗನ ತರ್ಕವೇ ಬರುತ್ತದೆಂದು ನಿಸ್ಸಾದ ಗ್ರೆಗರಿ ಬೇಸತ್ತು ದೂರಿದ್ದಾನೆ.

ಹಾದಿ ತೋರಿಸಿದವರು ಈ ಗ್ರೆಗರಿ, ಅವನ ಅಣ್ಣ ಬೆಸಿಲ್ ಹಾಗೂ ನಾಜಿಯಾನ್ಜಸ್‌ನ ಗ್ರೆಗರಿ. ಸತ್ತ್ವ ಒಂದು, ವ್ಯಕ್ತಿಗಳು ಮೂವರು: ತಂದೆ, ಮಗ, ಪವಿತ್ರಾತ್ಮ. ತಂದೆ ಹುಟ್ಟದವನು, ಮಗ ಹುಟ್ಟಿದವನು, ಭೇದ ಅಷ್ಟೇ ಎಂಬುದು ಅವರ ವಿವರಣೆ. ಚಕ್ರವರ್ತಿ ಥಿಯೊಡೋಸಿಯಸ್ ಕರೆದ 381ರ ಕಾನ್‌ಸ್ಟಾಂಟಿನೋಪಲ್ ಸಭೆ ನೈಸಿಯಾದ ನಿಲುವನ್ನು ಎತ್ತಿಹಿಡಿಯಿತು. ಆದರೂ ಸ್ಪೇನಿನ ವಿಸಿಗಾಥ್ ಅರಸರು ಅರಿಯಸ್ ಮತವನ್ನು ಅಧಿಕೃತವಾಗಿ ತೊರೆದದ್ದು 589ರಲ್ಲಿ.

ಮಗನ ಸಮಾನತೆಯನ್ನು ಒತ್ತಿಹೇಳಲು ಪಶ್ಚಿಮದ ಸಭೆಗಳು, ಪವಿತ್ರಾತ್ಮ ತಂದೆಯಿಂದಷ್ಟೇ ಅಲ್ಲ, ಮಗನಿಂದಲೂ ಹೊರಡುತ್ತಾನೆಂದು ವಿಶ್ವಾಸ ಪ್ರಮಾಣಕ್ಕೆ ಸೇರಿಸಿಕೊಂಡವು. ರೋಮ್ ಇದನ್ನು ಪೂಜೆಯಲ್ಲಿ ಬಳಸತೊಡಗಿದ್ದು 1014ರಲ್ಲಿ. 1054ರ ಪೂರ್ವ–ಪಶ್ಚಿಮ ಒಡಕಿಗೆ ಇದೂ ಒಂದು ಕಾರಣ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇಂದಿಗೂ ಆ ಸೇರ್ಪಡೆಯನ್ನು ಒಪ್ಪಿಲ್ಲ.