ಮಾಳಿಗೆ ಮೇಲಿನ ಮಣ್ಣು, ಡಬ್ಬಿಯೊಳಗಿನ ಹಿತ್ತಲು

ಬಹಳ ದಿನದಿಂದ ಬರೀಬೇಕು ಅಂದುಕೊಂಡಿದ್ದ ವಿಷಯ ಇದು. ಬೆಂಗಳೂರಿನ ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಟ್ಟು ಮೆಂತೆ ಸೊಪ್ಪು ಬೆಳೆದರೆ ಆಫೀಸಿನ ಗೆಳೆಯರು "ಇದೇನಪ್ಪಾ ಹೊಸ ಹುಚ್ಚು?" ಅಂತಾರೆ. ಹೊಸದಲ್ಲರೀ! ನಮ್ಮ ಗದಗ-ಬೆಟಗೇರಿ ಕಡೆ ಇದಕ್ಕೊಂದು ಇತಿಹಾಸವೇ ಇದೆ. ಅದು ಜಾಗದ ಇತಿಹಾಸ ಅನ್ನುವುದಕ್ಕಿಂತ ನೀರಿನ ಇತಿಹಾಸ.

ಮೊದಲು ಹಿತ್ತಲಿನಿಂದ ಶುರು ಮಾಡೋಣ. ಕ್ರಿ.ಶ. 1025ರ ಸುಮಾರಿಗೆ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಎರಡನೆಯ ಚಾವುಂಡರಾಯ 'ಲೋಕೋಪಕಾರ' ಎಂಬ ಕನ್ನಡ ಗ್ರಂಥ ಬರೆದ. ಆಗ ಪುಲಿಗೆರೆ, ಅಂದರೆ ಇವತ್ತಿನ ಲಕ್ಷ್ಮೇಶ್ವರ, ಅದೇ ಚಾಲುಕ್ಯರ ನಾಡು. ನೆಲದಡಿಯ ನೀರು ಹುಡುಕುವುದು, ಗಿಡಮರ ಸಾಕುವುದು, ಅಡಿಗೆ ಮಾಡುವುದು ಮೂರೂ ಅದೊಂದೇ ಗ್ರಂಥದಲ್ಲಿವೆ. ಹಿತ್ತಲಿನ ಲೆಕ್ಕವೂ ಇದೇ ಅಲ್ಲವೇ? ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆ ನಮ್ಮದು. ಬಾವಿಯಿಂದ ಸೇದಿ ಹೊತ್ತು ತಂದ ನೀರನ್ನು ನೇರವಾಗಿ ಗಿಡಕ್ಕೆ ಸುರಿಯುವ ಶ್ರೀಮಂತಿಕೆ ಯಾರಿಗಿತ್ತು? ಮೈಮೇಲಿಂದಲೋ ಪಾತ್ರೆ ಮೇಲಿಂದಲೋ ಒಮ್ಮೆ ಇಳಿದ ನೀರೇ ಹಿತ್ತಲಿಗೆ. ಬಚ್ಚಲ ನೀರು ಹರಿದಷ್ಟು ದೂರ ಹೀರೆ, ಕುಂಬಳ, ಪುಂಡಿಪಲ್ಯ. ಅದರಾಚೆ ಬರೀ ನೆಲ.

ಬೆಟಗೇರಿ ನೇಕಾರರ ಊರು. ನೇಕಾರರ ಓಣಿಗಳಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡ ಮನೆಗಳು, ಮನೆಯೊಳಗೆ ಕುಣಿಮಗ್ಗ. ಹಿತ್ತಲು ಅಂತ ಉಳಿಯುತ್ತಿದ್ದದ್ದು ಒಂದು ಅಂಗೈ ಜಾಗ. ಅಂಥ ಕಡೆ ಒಡೆದ ಹರವಿಯ ಬುಡವೇ ಕುಂಡ. ತುಳಸಿಗೆ ಕಟ್ಟೆ, ಮೆಣಸಿನ ಗಿಡಕ್ಕೆ ಹರವಿ! 1880ರ ದಶಕದಲ್ಲಿ ಗದಗಿಗೆ ರೈಲು ಬಂತು. ಹೊರದೇಶದ ಚಿಮಣಿ ಎಣ್ಣೆ ನಾಲ್ಕು ಗ್ಯಾಲನ್, ಅಂದರೆ ಸುಮಾರು 18 ಲೀಟರಿನ ಚೌಕ ಡಬ್ಬಿಗಳಲ್ಲಿ ನಮ್ಮ ದೇಶದ ಊರೂರಿಗೆ ಹೋಗುತ್ತಿದ್ದ ಕಾಲ ಅದು. ಎಣ್ಣೆ ತೀರಿದ ಮೇಲೆ ಡಬ್ಬಿ ಎಸೆಯುವವರು ಯಾರೂ ಇರಲಿಲ್ಲ. ನೀರು ತರಲಿಕ್ಕೆ, ಕಾಳು ತುಂಬಲಿಕ್ಕೆ, ತಳ ತುಕ್ಕು ಹಿಡಿದರೆ ಗಿಡ ಹಚ್ಚಲಿಕ್ಕೆ. ತೂತು ಹಾಕುವ ಕೆಲಸ ತುಕ್ಕೇ ಮಾಡಿರುತ್ತಿತ್ತು :) ಇವತ್ತಿನ 15 ಕಿಲೋ ಎಣ್ಣೆ ಡಬ್ಬಿಯ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ.

ಹಾಗಾದರೆ ಮನೆ ಮೇಲೆ ಯಾಕೆ ಬೆಳೆಯಲಿಲ್ಲ? ನನಗೆ ಬಹಳ ಮಜಾ ಅನ್ನಿಸಿದ್ದು ಇದು. ನಮ್ಮ ಹಳೇ ಮಾಳಿಗೆ ಮನೆಗಳ ಮೇಲೆ ತುಂಬಾ ಮಣ್ಣೇ! ತೊಲೆ, ಜಂತಿ, ಅದರ ಮೇಲೆ ಮಣ್ಣಿನ ದಪ್ಪ ಹಾಸು. ಆದರೆ ಅದರಲ್ಲಿ ಒಂದು ಹುಲ್ಲುಕಡ್ಡಿ ಹುಟ್ಟಿದರೂ ಕಿತ್ತು ಹಾಕುತ್ತಿದ್ದರು. ಬೇರು ಇಳಿದರೆ ಮಳೆಗಾಲಕ್ಕೆ ಸೋರುತ್ತದೆ. ಅದಕ್ಕೇ ಮೇಲೆ ಸವಳು ಮಣ್ಣು ಹಾಕುತ್ತಿದ್ದರು. ಅದರಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದಾಗ ಜೇಡಿಯ ಕಣಗಳು ಉಬ್ಬಿ ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ, ಗಿಡವೂ ಸುಲಭಕ್ಕೆ ಹುಟ್ಟುವುದಿಲ್ಲ. ಸಂಡಿಗೆ, ಮೆಣಸಿನಕಾಯಿ ಒಣಗಿಸಲು, ಬೇಸಿಗೆ ರಾತ್ರಿ ಮಲಗಲು ಮಾಳಿಗೆ ಬೇಕು. ಗಿಡ ಮಾತ್ರ ಬೇಡ.

ಆರ್‌ಸಿಸಿ ಸ್ಲ್ಯಾಬ್ ಬಂದ ಮೇಲೆ ಈ ಲೆಕ್ಕ ತಿರುಗಿತು. ಅಣ್ಣತಮ್ಮಂದಿರ ಪಾಲಾಗಿ ಹಿತ್ತಲಿನಲ್ಲೂ ಮನೆ ಎದ್ದವು. ನೆಲದ ಜಾಗ ಹೋಯಿತು, ತಲೆ ಮೇಲೆ ಜಾಗ ಸಿಕ್ಕಿತು. ಆದರೆ ಅದಕ್ಕೂ ಮಿತಿಯಿದೆ. ಓಡಾಡುವ ತಾರಸಿಗೆ ನಮ್ಮ ಐಎಸ್ 875 ಸಂಹಿತೆ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಒಂದಡಿ ಎತ್ತರ ಒದ್ದೆ ಮಣ್ಣು ಹರಡಿದರೆ ಅದೇ ಜಾಗಕ್ಕೆ 480 ಕಿಲೋ ದಾಟುತ್ತದೆ! ಹಾಗಾಗಿ ಮಣ್ಣು ಹರಡುವುದಲ್ಲ, ಡಬ್ಬಿಗಳನ್ನು ಬಿಡಿಬಿಡಿಯಾಗಿ, ಆದಷ್ಟು ಗೋಡೆ, ತೊಲೆಗಳ ಮೇಲೆ ಬರುವಂತೆ ಇಡುವುದೇ ಸರಿ. ಮಣ್ಣಿನ ಗುಣವೂ ನೋಡಬೇಕು. ಗದಗಿನ ಎರಿ ಮಣ್ಣು ಡಬ್ಬಿಯಲ್ಲಿ ಒದ್ದೆಯಾದರೆ ಕೆಸರು, ಒಣಗಿದರೆ ಬಿರುಕು. ಶಿರಹಟ್ಟಿ, ಮುಂಡರಗಿ ಕಡೆಯ ಮಸಾರಿ ಮಣ್ಣಿಗೆ ಗೊಬ್ಬರ ಕಲಸಿದರೆ ಬೇರು ಆಡುತ್ತದೆ.

ಸರ್ಕಾರಗಳಿಗೆ ಈ ಡಬ್ಬಿ ಕಂಡಿತ್ತೇ? ಎರಡನೇ ಮಹಾಯುದ್ಧದಲ್ಲಿ ಬ್ರಿಟನ್, ಅಮೆರಿಕಗಳು ಮನೆಯಂಗಳದಲ್ಲೂ ತರಕಾರಿ ಬೆಳೆಯಿರಿ ಅಂತ ಜನರನ್ನು ಹುರಿದುಂಬಿಸಿದವು. ಅಮೆರಿಕದಲ್ಲಿ ಸುಮಾರು 2 ಕೋಟಿ ಕೈತೋಟಗಳಾದವು ಎಂಬ ಅಂದಾಜಿದೆ. ಅದೇ ಹೊತ್ತಿಗೆ ನಮ್ಮ ನಾಲ್ಕೂರು ಮೂರು ಆಡಳಿತದಲ್ಲಿ ಹಂಚಿಹೋಗಿದ್ದವು. ಗದಗ-ಬೆಟಗೇರಿ, ಮುಂಡರಗಿ ಮುಂಬಯಿ ಪ್ರಾಂತ್ಯಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಹಿರಿಯ ಮೀರಜಕ್ಕೆ. ಬ್ರಿಟಿಷ್ ಇಂಡಿಯಾದಲ್ಲಿ 1942-43ರ 'ಹೆಚ್ಚು ಆಹಾರ ಬೆಳೆಯಿರಿ' ಚಳವಳಿಯ ಗಮನ ಹೆಚ್ಚಾಗಿ ಹೊಲದ ಮೇಲೆ, ಹತ್ತಿ ಬಿಟ್ಟು ಕಾಳುಕಡಿ ಬೆಳೆಯುವುದರ ಮೇಲೆ. ಬಚ್ಚಲ ನೀರಿನಲ್ಲಿ ಹೆಂಗಸರು ಬೆಳೆದ ಹೀರೆಕಾಯಿ ಲೆಕ್ಕಕ್ಕೆ ಬರಲಿಲ್ಲ. ಬೆಂಗಳೂರಿನಲ್ಲಿ 1990ರ ದಶಕದಿಂದ ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ಅವರಂಥವರು ತಾರಸಿ ತೋಟ ಕಲಿಸಿದ ಮೇಲೆ, 2011ರಿಂದ 'ಊಟ ಫ್ರಮ್ ಯುವರ್ ತೋಟ' ಮೇಳಗಳು ನಡೆದ ಮೇಲೆ, ಇದಕ್ಕೊಂದು ಹೆಸರು ಬಂತು, ಮರ್ಯಾದೆಯೂ ಬಂತು. ಒಳ್ಳೇದೇ ಆಯ್ತು.

ಆದರೆ ಹಿತ್ತಲಿನಿಂದ ತಾರಸಿಗೆ ಹೋಗುವಾಗ ಎರಡು ವಸ್ತು ಕೆಳಗೇ ಉಳಿದುಬಿಟ್ಟವು ಅನ್ನಿಸುತ್ತದೆ. ಒಂದು ನೀರು. ಸೀಗೆಕಾಯಿ, ಬೂದಿಯ ಕಾಲದ ಬಚ್ಚಲ ನೀರು ನೆಲ ಸೇರಿ, ಮಳೆಗೆ ತೊಳೆದು ಹೋಗುತ್ತಿತ್ತು. ಈಗಿನ ಬಟ್ಟೆ ಸೋಪಿನ ಪುಡಿಯ ಸೋಡಿಯಂ ಡಬ್ಬಿಯಲ್ಲೇ ಕೂಡುತ್ತಾ ಹೋಗಿ, ಮಣ್ಣು ಕೊನೆಗೆ ಮಾಳಿಗೆ ಮೇಲಿನ ಸವಳಿನಂತೆ ಆಗುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು ಹಾಕಬಹುದು, ಸೋಪಿನದು ಬೇಡ. ನಳದ ದಾರಿ ಕಾಯುವ ಬೇಸಿಗೆಗಳನ್ನು ಕಂಡ ಊರಿನವರಿಗೆ ಒಂದು ಚರಿಗೆ ನೀರೂ ದೊಡ್ಡದೇ.

ಇನ್ನೊಂದು ಬೀಜ. ನಮ್ಮ ಆಯಿ ಒಂದು ಹೀರೆಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಬೀಜ ಬೂದಿಯಲ್ಲಿ ಕಲಸಿ ಇಡುತ್ತಿದ್ದಳು. ಅದು ಅವ್ವನ ಕೈಗೆ ಬಂತು, ಈಗ ಬೆಟಗೇರಿಯ ಸ್ಲ್ಯಾಬಿನ ಮೇಲೆ ಎಣ್ಣೆ ಡಬ್ಬಿಗಳಲ್ಲಿ ಹಬ್ಬಿದೆ. ನಾವು ಪಾಕೀಟಿನಲ್ಲಿ ಕೊಳ್ಳುವ ಹೈಬ್ರಿಡ್ ಬೀಜದಿಂದ ಬೀಜ ಎತ್ತಿದರೆ ಮರುವರ್ಷ ಅದೇ ಗುಣ ಬರುವ ಖಾತ್ರಿಯಿಲ್ಲ. ಆಯಿಯ ಬೀಜಕ್ಕೆ ಆ ಚಿಂತೆ ಇಲ್ಲ, ಬೇರೆಯೇ ಒಂದು ಚಿಂತೆ ಇದೆ. ಒಂದು ಮನೆಯ ಎರಡು ಡಬ್ಬಿಯಲ್ಲಿ ಒಂದು ತಳಿ ಬಹಳ ದಿನ ಬಾಳುವುದಿಲ್ಲ. ಒಂದು ವರ್ಷ ರೋಗ ಬಂದರೆ, ಇಲ್ಲಾ ಬಿತ್ತುವವರಿಗೇ ಆರಾಮಿಲ್ಲದಿದ್ದರೆ, ಅಲ್ಲಿಗೆ ಮುಗಿಯಿತು. ಹಿತ್ತಲಿನ ಕಾಲದಲ್ಲಿ ಬೀಜ ಗೋಡೆಯಾಚೆಯ ಮನೆಗೂ ಹೋಗುತ್ತಿತ್ತು, ಇಲ್ಲಿ ಸತ್ತದ್ದು ಅಲ್ಲಿಂದ ಮರಳಿ ಬರುತ್ತಿತ್ತು.

ಹೀರೆ ಹೂವು ಸಂಜೆ ಅರಳುತ್ತದೆ. ಎತ್ತರದ ಬಾಲ್ಕನಿಗಳಿಗೆ ಹುಳು ಬರದಿದ್ದರೆ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ತಾಕಿಸಬೇಕು. ಆಫೀಸಿನಿಂದ ಬೇಗ ಬರಲು ಇದೊಂದು ಒಳ್ಳೆಯ ನೆಪ :)

ಈ ಸಲ ಅವ್ವನ ಹತ್ತಿರ ಒಂದು ಹಿಡಿ ಬೀಜ ತಂದಿದ್ದೇನೆ. ಬೇಕಾದವರು ಕೇಳಿ, ಹಂಚುತ್ತೇನೆ. ನಿಮ್ಮ ಮನೆಯ ಹಳೇ ಬೀಜ ಯಾವುದಾದರೂ ಉಳಿದಿದೆಯೇ? ಬದಲಿಗೆ ಅದನ್ನು ಕೊಡಿ, ಸಾಕು.