ತಪ್ಪು ಯಾರದು ಎಂಬಲ್ಲಿಂದ ತಪ್ಪು ಏಕಾಯಿತು ಎಂಬಲ್ಲಿಗೆ

ರಾಯಚೂರು ಜಿಲ್ಲೆಯಲ್ಲಿ ಅಪಾಯದ ಕೆಲಸಗಳಿಗೆ ಬರವಿಲ್ಲ. ಹಟ್ಟಿಯ ಚಿನ್ನದ ಗಣಿ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಹತ್ತಿ ಜಿನ್ನಿಂಗ್ ಮಿಲ್ಲುಗಳು, ಯಾಪಲದಿನ್ನಿಯಂಥ ಊರುಗಳ ಹೊಲದ ಮೇಲೆ ಹಾದುಹೋದ ಕರೆಂಟಿನ ತಂತಿಗಳು. ಎಲ್ಲೇ ಅವಘಡವಾಗಲಿ, ನಾವು ಮೊದಲು ಓದುವ ಕಾರಣ ‘ಕಾರ್ಮಿಕನ ನಿರ್ಲಕ್ಷ್ಯ’. ಈ ಷರಾ ಎಷ್ಟು ಸರಿ ಎಂದು ಇಂದು ಕೇಳುವ ಒಂದು ಶಾಖೆ ವರ್ತನಾ ವಿಜ್ಞಾನದಲ್ಲಿದೆ.

ಆರಂಭದಲ್ಲಿ ಈ ಶಾಖೆಯೂ ಅದೇ ಷರಾ ಬರೆದಿತ್ತು. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹರ್ಬರ್ಟ್ ಹೈನ್ರಿಕ್ 1931ರಲ್ಲಿ, ನೂರಕ್ಕೆ 88 ಅಪಘಾತಗಳಿಗೆ ಕೆಲಸಗಾರರ ಅಸುರಕ್ಷಿತ ನಡೆಯೇ ಕಾರಣ ಎಂದ. ಆತ ನೆಚ್ಚಿಕೊಂಡದ್ದು ವಿಮಾ ಕಡತಗಳನ್ನು ಮತ್ತು ಕಾರ್ಖಾನೆಯ ದಾಖಲೆಗಳನ್ನು. ಗಾಯಗೊಂಡವನ ಮಾತಿಗೆ ಅಲ್ಲಿ ಜಾಗ ಕಡಿಮೆ. ಎಚ್ಚರಿಕೆಯ ಫಲಕ, ದಂಡ, ಉಪದೇಶಗಳೇ ಬಹುಕಾಲ ಮದ್ದಾದವು.

1951ರಲ್ಲಿ ಎರಿಕ್ ಟ್ರಿಸ್ಟ್ ಮತ್ತು ಹಿಂದೆ ತಾನೇ ಗಣಿಯಲ್ಲಿ ದುಡಿದಿದ್ದ ಕೆನ್ ಬ್ಯಾಮ್‌ಫೋರ್ತ್ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳ ಕುರಿತು ಬರೆದರು. ಯಂತ್ರ ಬಂದ ಮೇಲೆ, ಒಬ್ಬರ ಜೀವಕ್ಕೆ ಒಬ್ಬರು ಹೊಣೆಯಾಗಿದ್ದ ಸಣ್ಣ ತಂಡಗಳು ಒಡೆದಿದ್ದವು. ಕೆಲಸವನ್ನು ಹಂಚಿದ ರೀತಿಯಲ್ಲೇ ತೊಂದರೆ ಇರಬಹುದು ಎಂಬ ನೋಟ ಇಲ್ಲಿಂದ ಗಟ್ಟಿಯಾಯಿತು. 1990ರಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಇನ್ನೂ ಮುಂದೆ ಹೋದರು. ಕೊನೆಯ ತಪ್ಪು ಮಾಡುವವನು ಎದುರಿಗೆ ಕಾಣುತ್ತಾನೆ. ಆ ತಪ್ಪಿಗೆ ದಾರಿ ಮಾಡಿದ ನಿರ್ಧಾರಗಳು ಮೇಲಿನ ಕಚೇರಿಗಳಲ್ಲಿ ವರ್ಷಗಟ್ಟಲೆ ಮಲಗಿರುತ್ತವೆ ಎಂದರು. 1986ರ ಚಾಲೆಂಜರ್ ನೌಕೆಯ ದುರಂತವನ್ನು ಶೋಧಿಸಿದ ಡಯಾನ್ ವಾನ್ 1996ರಲ್ಲಿ ಮತ್ತೊಂದು ಮಾತು ಸೇರಿಸಿದರು: ನಿಯಮ ಮೀರಿದರೂ ಏನೂ ಆಗದಿದ್ದರೆ, ಮೀರುವುದೇ ರೂಢಿಯಾಗುತ್ತದೆ.

ನಮ್ಮ ಲೈನ್‌ಮ್ಯಾನ್‌ಗಳ ಕೆಲಸ ನೋಡಿದರೆ ಇದು ಅರ್ಥವಾಗುತ್ತದೆ. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್‌ನಿಂದ ಲೈನ್ ಕ್ಲಿಯರ್, ಅಂದರೆ ‘ಎಲ್‌ಸಿ’ ಪಡೆಯಬೇಕು. ಅದು ರಿಜಿಸ್ಟರಿನಲ್ಲಿ ದಾಖಲಾಗಬೇಕು. ಆಮೇಲೂ ತಂತಿಗೆ ಅರ್ತಿಂಗ್ ಕೊಡಬೇಕು, ಯಾಕೆಂದರೆ ಬೇರೆ ಕಡೆಯಿಂದ ಕರೆಂಟ್ ನುಗ್ಗಬಹುದು. ಆದರೆ ಹೊಲದ ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟ್ ಸಿಗುವುದೇ ದಿನಕ್ಕೆ ಕೆಲವು ಗಂಟೆ. ಬೆಳೆ ಬಾಡುತ್ತಿದ್ದರೆ ಕೆಳಗೆ ನಿಂತ ರೈತ ‘ಲಗೂ ಮಾಡ್ರಿ’ ಅನ್ನುತ್ತಾನೆ. ಫೋನಿನಲ್ಲೇ ಎಲ್‌ಸಿ ಹೇಳಿ, ಅರ್ತಿಂಗ್ ಬಿಟ್ಟು ಹತ್ತಿದವನು ಬಹಳ ಸಲ ಸುರಕ್ಷಿತವಾಗಿ ಇಳಿದಿರುತ್ತಾನೆ. ಆ ಅನುಭವವೇ ಅವನಿಗೆ ಧೈರ್ಯ ಕೊಡುತ್ತದೆ. ಇಂಥವನಿಗೆ ಮತ್ತೊಂದು ತರಬೇತಿ ಕೊಟ್ಟರೆ ಸಾಲದು. ಅವಸರ ಎಲ್ಲಿಂದ ಬಂತು ಎಂದು ನೋಡಬೇಕು.

ಭಾರತದಲ್ಲಿ ಬದಲಾವಣೆ ತಂದದ್ದು ಸಾವುಗಳು. 1984ರ ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಯಿತು. ಅಪಾಯಕಾರಿ ಉದ್ದಿಮೆಗಳ ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರಿಗೆ ಆಡಳಿತದಷ್ಟೇ ಸ್ಥಾನ ಸಿಕ್ಕಿತು. ಅಪಾಯ ಎದುರಿಗಿದೆ ಎಂದು ತಿಳಿಸುವ ಹಕ್ಕೂ ಬಂತು.

ಆ ಹಕ್ಕನ್ನು ಬಳಸುವ ಧೈರ್ಯ ಬೇರೆ ಮಾತು. ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದ ಏಮಿ ಎಡ್ಮಂಡ್ಸನ್‌ಗೆ, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ವರದಿಯಾದದ್ದು ಕಂಡಿತು. ಅಲ್ಲಿಯವರು ಹೆದರದೆ ಹೇಳುತ್ತಿದ್ದರು ಎಂಬುದೇ ಆಕೆ ಕೊಟ್ಟ ವಿವರಣೆ. ಈಗ ಬ್ಯಾಂಕುಗಳ ಮೇಲೂ ಇದೇ ಕಣ್ಣು ಬಿದ್ದಿದೆ: 2008ರ ಆರ್ಥಿಕ ಕುಸಿತದ ನಂತರ ನೆದರ್‌ಲೆಂಡ್ಸ್‌ನ ಕೇಂದ್ರ ಬ್ಯಾಂಕು ಮನಶ್ಶಾಸ್ತ್ರಜ್ಞರನ್ನೇ ತಪಾಸಣೆಗೆ ಇಳಿಸಿತು.

ಈ ವಿಜ್ಞಾನಕ್ಕೂ ದುರುಪಯೋಗ ತಪ್ಪಿದ್ದಲ್ಲ. ‘ವರ್ತನೆ ತಿದ್ದುವ’ ಹೆಸರಿನಲ್ಲಿ ಗುತ್ತಿಗೆ ಕೆಲಸಗಾರನ ಹೆಲ್ಮೆಟ್ ಮಾತ್ರ ಎಣಿಸಿದರೆ ಮತ್ತೆ 1931ಕ್ಕೇ ಹೋದಂತೆ. ಅವಘಡದ ತನಿಖೆ ಮಾಡುವವರು ಬಿದ್ದವನ ವರ್ತನೆಯ ಜೊತೆಗೆ, ಕೆಲಸ ಕೊಟ್ಟವನ ವರ್ತನೆಯನ್ನೂ ವರದಿಯಲ್ಲಿ ಬರೆಯಲಿ.